ಏಜೆನ್ಸಿ ಆಯಾ 14 ತಿಂಗಳು, ಆಮೇಲೆ ನೇರ ಕೈಗೆ ದುಡ್ಡು

ಅವ್ವನಿಗೆ ಲಕ್ವ ಹೊಡೆದ ಮೇಲೆ ಬಳ್ಳಾರಿಯ ಒಂದು ಹೋಂ ಕೇರ್ ಏಜೆನ್ಸಿಯಿಂದ ಹಗಲಿಗೆ ಆಯಾ ತಗೊಂಡಿದ್ದೆ. ತಿಂಗಳಿಗೆ 18,000. ಪ್ಯಾಕೇಜಿನಲ್ಲಿ ಏನೇನಿದೆ ಅಂತ ಅವರ ಕರಪತ್ರದಲ್ಲೇ ಇರುತ್ತೆ, ಬಿಡಿ. ನಾನು ಹೇಳಬೇಕಿರುವುದು ಜಡೆ ವಿಷಯ.

ಬೆಳಿಗ್ಗೆ ತಲೆ ಬಾಚಿ ಜಡೆ ಹಾಕದಿದ್ದರೆ ಅವ್ವನಿಗೆ ಒಂದು ತುತ್ತೂ ಇಳಿಯಲ್ಲ. ಎಡಗೈ ಏಳುವುದಿಲ್ಲ, ಇನ್ನೊಬ್ಬರೇ ಹಾಕಬೇಕು. ಏಜೆನ್ಸಿ ಹುಡುಗಿ ‘ಸಾರ್, ಮೈ ಒರೆಸೋದು, ಡೈಪರ್, ಮಾತ್ರೆ, ಅಷ್ಟೇ ನನ್ನ ಲಿಸ್ಟಲ್ಲಿರೋದು’ ಅಂದಳು. ಹೇಗೋ ಒಪ್ಪಿಸಿದೆ. ಕೈ ಪಳಗುವಷ್ಟರಲ್ಲಿ ಅವಳನ್ನೇ ಬದಲಾಯಿಸಿದರು. 14 ತಿಂಗಳಲ್ಲಿ ಒಂಬತ್ತು ಜನ! ಎಡಭುಜ ಹಿಡಿದು ಎಳೀಬೇಡಮ್ಮ ಅಂತ ಒಂಬತ್ತು ಸಲ ಹೇಳಿಕೊಟ್ಟೆ. ನನ್ನ 18,000ದಲ್ಲಿ ತನ್ನ ಕೈಗೆ ಬರೋದು 11,000 ಅಂತ ಕೊನೆಯವಳು ಹೇಳಿದ ತಿಂಗಳೇ ಬಿಟ್ಟುಬಿಟ್ಟೆ.

ಈಗ ಎಂಟು ತಿಂಗಳಿಂದ ನಮ್ಮ ಓಣಿಯ ಒಬ್ಬ ಅಕ್ಕನಿಗೆ ನೇರವಾಗಿ 14,000 ಕೊಡುತ್ತಿದ್ದೇನೆ. ಬಂದವರೇ ಎಣ್ಣೆ ಬಟ್ಟಲನ್ನು ಕಿಟಕಿ ಬಿಸಿಲಿಗೆ ಇಡುತ್ತಾರೆ. ತುರುಬು ಕಟ್ಟಿದರೆ ಮಲಗಿದಾಗ ಒತ್ತುತ್ತದೆ ಅಂತ ಜಡೆಯನ್ನು ಬಲಭುಜದ ಮೇಲಿಂದ ಮುಂದಕ್ಕೆ ಬಿಡುತ್ತಾರೆ. ಬಾಚಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಡಬ್ಬಿಗೆ ಹಾಕುವುದೂ ಉಂಟು. ಕೂದಲು ಕೊಳ್ಳುವವನು ಬಂದರೆ ಪಾತ್ರೆ ತಗೋಬೇಕಂತೆ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನದೇ ದೊಡ್ಡ ವ್ಯಾಪಾರ, ಅವ್ವನ ಕೂದಲೂ ಅಲ್ಲಿಗೇ ಹೋಗುತ್ತೋ ಏನೋ. ಜಡೆ ಆದ ಮೇಲೆ ಅವ್ವನ ಒಗ್ಗಾಣಿ ತಟ್ಟೆ ಖಾಲಿ.

ಜರ್ಮನಿಯಲ್ಲಿ ಇಂಥ ಆರೈಕೆಗೆ 1995ರಿಂದ ಕಡ್ಡಾಯ ವಿಮೆ ಇದೆ. ಎಷ್ಟು ಆರೈಕೆ ಬೇಕು ಅನ್ನುವುದರ ಮೇಲೆ ಹಂತ ಮಾಡಿದ್ದಾರೆ; 2025ರ ಲೆಕ್ಕದಲ್ಲಿ ಎರಡನೇ ಹಂತದವರು ತಿಂಗಳಿಗೆ 796 ಯೂರೋವರೆಗಿನ ಏಜೆನ್ಸಿ ಸೇವೆ ಪಡೆಯಬಹುದು, ಅದು ಬೇಡ, ನಮಗೆ ಬೇಕಾದವರಿಂದ ಮಾಡಿಸಿಕೊಳ್ತೀವಿ ಅಂದರೆ 347 ಯೂರೋ ನಗದು. ಅರ್ಧಕ್ಕಿಂತ ಕಡಿಮೆ! ಆದರೂ ಮನೆಯಲ್ಲೇ ಆರೈಕೆ ಪಡೆಯುವವರಲ್ಲಿ ಜಾಸ್ತಿ ಜನ ನಗದನ್ನೇ ಆರಿಸುತ್ತಾರೆ. ಮೊದಲು ಓದಿದಾಗ ದಡ್ಡರು ಅನ್ನಿಸಿತ್ತು. ನಮ್ಮಲ್ಲಿ ಅಂಥದ್ದೇನೂ ಇಲ್ಲ. ಅವ್ವನ ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ಡೈಪರ್‌ಗೇ ಸರಿಹೋಗುತ್ತದೆ.

ಏಜೆನ್ಸಿಯನ್ನು ಪೂರ್ತಿ ಬೈಯುವುದೂ ಸರಿಯಲ್ಲ. ಒಬ್ಬಳು ಬರದಿದ್ದರೆ ಮಧ್ಯಾಹ್ನದೊಳಗೆ ಇನ್ನೊಬ್ಬಳನ್ನು ಕಳಿಸುತ್ತಿದ್ದರು. ಹೋದ ತಿಂಗಳು ಅಕ್ಕ ಮಗಳ ಬಾಣಂತನಕ್ಕೆ ಅಂತ 12 ದಿನ ಹೋದರು, ನಾನು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತೆ. ಮೊದಲ ದಿನ ಒದ್ದಾಡಿ ಜಡೆ ಹಾಕಿ ಕನ್ನಡಿ ಹಿಡಿದೆ. ಅವ್ವ ನೋಡಿದಳು. ‘ಇದೇನು ಜಡೇನೋ, ಎತ್ತಿನ ಹಗ್ಗಾನೋ?’