ಫೀಲ್ಡ್ ಬಿಡುವಾಗ ಯಾವ ದಾರಿ? ಪಾರ್ಟಿ, ವಾಟ್ಸಾಪ್, ಇಲ್ಲಾ ಓದಿ ಹೇಳೋದು

ಗುಣಾತ್ಮಕ ಸಂಶೋಧನೆಯಲ್ಲಿ (ಜನರ ಜೊತೆ ಇದ್ದು, ಮಾತಾಡಿಸಿ ತಿಳಿಯುವ ಸಂಶೋಧನೆ) ಫೀಲ್ಡಿಗೆ ಕಾಲಿಡೋದು ಹೇಗೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಬಿಟ್ಟು ಬರೋದು ಯಾವಾಗ ಅಂದರೆ ‘ಸ್ಯಾಚುರೇಶನ್’ ಅನ್ನುತ್ತಾರೆ. ಸಮಾಜಶಾಸ್ತ್ರಜ್ಞರಾದ ಗ್ಲೇಸರ್, ಸ್ಟ್ರೌಸ್ 1967ರಲ್ಲಿ ಹೇಳಿದ ಮಾತು: ಹೊಸ ವಿಷಯ ಸಿಗೋದು ನಿಂತರೆ ನಿಲ್ಲಿಸಿ. ಸಂದರ್ಶನ ನಿಲ್ಲಿಸೋಕೆ ಅಷ್ಟು ಸಾಕು. ದಿನಾ ಟೀ ಕೊಟ್ಟವರ ಮನೆಗೆ ಹೋಗೋದನ್ನ ನಿಲ್ಲಿಸೋಕೆ ಸಾಲದು.

ಕೊಡಗಿನ ಸಿದ್ದಾಪುರದ ಸುತ್ತಮುತ್ತ ಕಾಫಿ ತೋಟಗಳಲ್ಲಿ ಫೀಲ್ಡ್‌ವರ್ಕ್ ಮಾಡುವಾಗ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಕೊನೇ ದಿನ ಸಿಹಿ ಹಂಚಿ, ಗ್ರೂಪ್ ಫೋಟೋ ತೆಗೆಸಿಕೊಳ್ಳೋದು ಸುಲಭ. ಆದರೆ ಹಗುರಾಗೋದು ನಮ್ಮ ಮನಸ್ಸು ಮಾತ್ರ. ಲಡ್ಡು ತಿಂದವರು ಮತ್ತೆ ಕೇಳೋದು ಅದನ್ನೇ: “ಇನ್ನು ಯಾವಾಗ ಬರ್ತೀರಾ ಮೇಡಂ?”

ವಾಟ್ಸಾಪ್ ತೋಟದ ಮಾಲೀಕರ ಜೊತೆ ಚೆನ್ನಾಗಿ ನಡೆಯುತ್ತೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಒಂದು ಶುಭಾಶಯ, ನಡುವೆ ಮಳೆ ಲೆಕ್ಕ, ಕಾಫಿ ರೇಟು. ಲೈನ್‌ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಹಾಗಲ್ಲ. ಮನೆಗೆಲ್ಲಾ ಒಂದೇ ಫೋನು, ಅದೂ ಮಗನ ಕೈಯಲ್ಲಿ. ಸಿಮ್ ಬದಲಾದರೆ ಮುಗೀತು. ನಮ್ಮ ನಂಬರ್ ಸಿಕ್ಕವರದು ಇನ್ನೊಂದು ಕಥೆ: ಆಸ್ಪತ್ರೆ ಖರ್ಚು, ಸ್ಕೂಲ್ ಫೀಸು. ಕೇಳೋದು ತಪ್ಪಲ್ಲ. ಎಲ್ಲಿಯವರೆಗೆ ಕೊಡಬಲ್ಲೆವು ಅಂತ ಮೊದಲೇ ಯೋಚಿಸಿರಬೇಕು, ಅಷ್ಟೇ.

ನನಗೆ ಹಿಡಿಸಿದ್ದು ಮೂರನೆಯದು. ಒಪ್ಪಿಗೆ ಕೇಳುವ ದಿನವೇ ಕೊನೆಯನ್ನೂ ಹೇಳಿಬಿಡೋದು: “ಹೂಮಳೆ ಬೀಳೋವರೆಗೆ ಬರ್ತೀನಿ.” ತಾರೀಕು ಹೇಳಿದರೆ ಯಾರೂ ನೆನಪಿಡಲ್ಲ, ಕಾಫಿ ಹೂ ಅರಳಿಸುವ ಹೂಮಳೆ ಅಂದರೆ ಎಲ್ಲರಿಗೂ ಗೊತ್ತು. ಆಮೇಲೆ ಹೋಗೋದನ್ನ ನಿಧಾನಕ್ಕೆ ಕಡಿಮೆ ಮಾಡಿ, ಕೊನೆಗೊಮ್ಮೆ ಬರೆದದ್ದನ್ನ ಅವರೆದುರು ಓದಬೇಕು. ಹಾಗೆ ಓದುವಾಗ ‘ಕೂಲಿ ಸಾಲದು ಎನ್ನುತ್ತಾರೆ’ ಅನ್ನೋ ಸಾಲು ಬಂತು. ಒಲೆ ಮುಂದೆ ಕೂತಿದ್ದ ಅಜ್ಜಿ ಕೈ ಅಡ್ಡ ಹಿಡಿದರು. “ಕೂಲಿ ಅಲ್ಲ ಮಗಳೇ, ತೂಕ. ಸಂಜೆ ಚೀಲ ತೂಗುವಾಗ ಕಾಟಾ ಯಾರೂ ನಮ್ಮ ಕಡೆ ತಿರುಗಿಸಲ್ಲ. ಅದನ್ನ ಬರಿ.” ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯುವವರಿಗೆ ಇದು ಸಣ್ಣ ತಿದ್ದುಪಡಿ ಅಲ್ಲ, ಅಲ್ವಾ? ಆಮೇಲೆ ಯಾವಾಗ ಬರ್ತೀಯ ಅಂತ ಅವರು ಕೇಳಲಿಲ್ಲ. ಪುಸ್ತಕ ಆದಾಗ ಒಂದು ಕೊಡು ಅಂದರು.

ಇದಕ್ಕೆ ಟೈಮ್ ಜಾಸ್ತಿ ಬೇಕು. ಹೆಸರು ಬಿಟ್ಟು ಓದಿದರೂ ಪಕ್ಕದ ಮನೆಯವರಿಗೆ ಯಾರ ಮಾತು ಅಂತ ಗೊತ್ತಾಗಿಬಿಡುತ್ತೆ. ಅದಕ್ಕೇ ಒಬ್ಬೊಬ್ಬರ ಮನೆಯಲ್ಲೇ ಓದೋದು ಒಳ್ಳೆಯದು, ರೈಟರ್ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು) ಅಕ್ಕಪಕ್ಕ ಇಲ್ಲದಾಗ.

ಸೀಸನ್‌ಗೆ ಹೊರಗಿನಿಂದ ಬಂದವರ ವಿಷಯ ಬೇರೆ. ಅಲ್ಲಿ ಫೀಲ್ಡ್ ಬಿಡೋದು ನಾವಲ್ಲ, ಅವರೇ. ಕೊಯ್ಲು ಮುಗಿದು ಲೆಕ್ಕ ಚುಕ್ತಾ ಆದರೆ ಮಾರನೇ ದಿನ ಲೈನ್ ಖಾಲಿ. ಅವರಿಗೆ ಓದಿ ಹೇಳೋದಿದ್ದರೆ ಅದಕ್ಕೂ ಮೊದಲೇ ಹೋಗಿ, ಸಂತೆ ದಿನ ಬಿಟ್ಟು.