ನಾಟಕದ ಕ್ಲಾಸಿಗೆ ಬ್ಲೆಂಡರ್: ನಾಲ್ಕು ವರ್ಷ ಬಳಸಿದ ಮೇಲೆ

ಶಿರಸಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾಟಕ ಕಲಿಸುತ್ತೇನೆ. ರಂಗಸಜ್ಜಿಕೆಯ ಪಾಠಕ್ಕೆ ಬ್ಲೆಂಡರ್ ಬಳಸಲು ಶುರು ಮಾಡಿ ನಾಲ್ಕು ವರ್ಷ ಆಯ್ತು. ಇದು ಕಂಪ್ಯೂಟರಿನೊಳಗೆ ಉದ್ದ, ಅಗಲ, ಎತ್ತರ ಇರುವ 3ಡಿ ಮಾದರಿ ಕಟ್ಟುವ, ಅನಿಮೇಷನ್ ಮಾಡುವವರ ಸಾಫ್ಟ್‌ವೇರ್, ನಾಟಕದವರಿಗೆ ಅಂತ ಮಾಡಿದ್ದಲ್ಲ. ಆದರೆ ದುಡ್ಡು ಕೊಡಬೇಕಾಗಿಲ್ಲ, 2002ರಿಂದಲೂ ಓಪನ್ ಸೋರ್ಸ್. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಡ. ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಇರುವವರಿಗೆ ಇದರ ಬೆಲೆ ಗೊತ್ತು.

ಮೊದಲ ವರ್ಷ ಮಾತ್ರ ಸುಮ್ನೆ ಹೋಯಿತು. ಲ್ಯಾಬಿನ ಹಳೇ ಕಂಪ್ಯೂಟರುಗಳಲ್ಲಿ ಹೊಸ ಆವೃತ್ತಿ ತೆರೆಯಲೇ ಇಲ್ಲ, 2.79 ಅನ್ನುವ ಹಳೇ ಆವೃತ್ತಿ ಹಾಕಬೇಕಾಯಿತು. ಅದರಲ್ಲಿ ವಸ್ತುವನ್ನು ಆರಿಸಲು ಬಲ ಕ್ಲಿಕ್, 2.80ರಿಂದ ಈಚೆಗೆ ಎಡ ಕ್ಲಿಕ್. ನನ್ನ ಲ್ಯಾಪ್‌ಟಾಪಿನಲ್ಲಿ ಹೊಸದು, ಹಾಗಾಗಿ ನಾನು ತೋರಿಸಿದ್ದು ಒಂದು, ಮಕ್ಕಳಿಗೆ ಆಗಿದ್ದು ಇನ್ನೊಂದು. ಮೇಲಿಂದ ಅರ್ಧದಷ್ಟು ಮೌಸ್‌ಗಳ ಚಕ್ರ ಕೆಟ್ಟಿತ್ತು, ಇಲ್ಲಿ ಸಾಮಾನ್ಯವಾಗಿ ಚಕ್ರ ಒತ್ತಿಯೇ ದೃಶ್ಯ ತಿರುಗಿಸುವುದು. ಸೆಟ್ಟಿಂಗಿನಲ್ಲಿ 'ಎಮ್ಯುಲೇಟ್ 3 ಬಟನ್ ಮೌಸ್' ಅಂತ ಇದೆ, ಅದನ್ನು ಆನ್ ಮಾಡಿದರೆ ಆಲ್ಟ್ ಒತ್ತಿ ಎಡ ಕ್ಲಿಕ್ ಮಾಡಿದರೂ ತಿರುಗುತ್ತದೆ. ನನಗೆ ಇದು ಗೊತ್ತಾಗಿದ್ದು ದೀಪಾವಳಿ ರಜೆ ಕಳೆದ ಮೇಲೆ!

ನನಗೆ ಇದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಕ್ಯಾಮೆರಾ, ಅಂದರೆ ಕಂಪ್ಯೂಟರಿನೊಳಗಿನ ವೇದಿಕೆಯನ್ನು ಬೇಕಾದ ಜಾಗದಿಂದ ನೋಡುವ ಕಣ್ಣು. ಅಳತೆಯನ್ನು ಇಂಪೀರಿಯಲ್‌ಗೆ ಬದಲಿಸಿ ಅಡಿ-ಇಂಚಿನಲ್ಲೇ ವೇದಿಕೆ ಕಟ್ಟಿಸುತ್ತೇನೆ. ನಮ್ಮದು 24 ಅಡಿ ಅಗಲ, ಮೂರಡಿ ಎತ್ತರ. ಆಮೇಲೆ ಪ್ರೇಕ್ಷಕರು ಕೂರುವಲ್ಲೆಲ್ಲ ಒಂದೊಂದು ಕ್ಯಾಮೆರಾ. ಕುರ್ಚಿಯವರ ಕಣ್ಣಿಗೆ ಮೂರೂವರೆ ಅಡಿ, ಮುಂದೆ ಚಾಪೆಯಲ್ಲಿ ಕೂರುವ ಸಣ್ಣವರಿಗೆ ಎರಡೂವರೆ. ಕಳೆದ ವರ್ಷದ ನಾಟಕದ ಕೊನೆಗೆ ಹುಲಿ ನೆಲಕ್ಕೆ ಬಿದ್ದು ಸಾಯಬೇಕಿತ್ತು. ಚಾಪೆಯ ಕ್ಯಾಮೆರಾದಿಂದ ನೋಡಿದರೆ ಹುಲಿಯೇ ಇಲ್ಲ, ಬರೀ ವೇದಿಕೆಯ ಅಂಚು. "ಸರ್, ನನ್ನ ತಂಗಿ ಇಲ್ಲೇ ಕೂರೋದು, ಅವಳಿಗೆ ಹುಲಿ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ" ಅಂತ ಒಂಬತ್ತನೇ ತರಗತಿಯ ಹುಡುಗಿ ಹೇಳಿದಳು. ಅವಳೇ ಹಿಂದುಗಡೆ ಒಂದೂವರೆ ಅಡಿಯ ಕಟ್ಟೆ ಎಬ್ಬಿಸಿ ಹುಲಿಯನ್ನು ಅದರ ಮೇಲೆ ಕೆಡವಿದಳು. ಈ ಪಾಠವನ್ನು ನಾನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೆ, ಯಾರ ತಲೆಗೂ ಹೋಗಿರಲಿಲ್ಲ. ಇನ್ನೊಂದು ಗುಂಪು ಯಕ್ಷಗಾನದ ರಂಗಸ್ಥಳ ಮಾಡಿ, ನಾಲ್ಕು ಕಂಬ ನೆಟ್ಟು, ಹೇಳದೆಯೇ ಮೂರು ಕಡೆ ಕ್ಯಾಮೆರಾ ಇಟ್ಟಿತು. ಜನ ಮೂರು ಕಡೆ ಕೂತು ನೋಡುವ ಆಟ ಕಂಡು ಬೆಳೆದ ಮಕ್ಕಳು ಅಲ್ವಾ.

ಬೆಳಕಿನ ವಿಷಯದಲ್ಲಿ ಮಾತ್ರ ಇದನ್ನು ನಂಬಬೇಡಿ. ನಮ್ಮ ಹ್ಯಾಲೋಜನ್ ದೀಪ 1000 ವ್ಯಾಟ್ ಅಂತ ಮಕ್ಕಳು ಬ್ಲೆಂಡರಿನಲ್ಲೂ 1000 ಹಾಕಿದರು. ಬ್ಲೆಂಡರಿನ ವ್ಯಾಟ್ ಅಂದರೆ ದೀಪ ಹೊರಗೆ ಬಿಡುವ ಬೆಳಕಿನ ಲೆಕ್ಕ, ಎಳೆಯುವ ಕರೆಂಟಿನ ಲೆಕ್ಕ ಅಲ್ಲ. ಹ್ಯಾಲೋಜನ್ ಎಳೆಯುವ ಕರೆಂಟಿನಲ್ಲಿ ಹೆಚ್ಚಿನ ಪಾಲು ಬಿಸಿಯಾಗಿಯೇ ಹೋಗುತ್ತದೆ, ಅದರ ಕೆಳಗೆ ನಿಂತ ನಟನನ್ನೇ ಕೇಳಿ! ಹಾಗಾಗಿ ಕಂಪ್ಯೂಟರ್ ಪರದೆ ಮೇಲೆ ಜಗಮಗ, ವೇದಿಕೆ ಮೇಲೆ ಮಂಕು. ಡಿಮ್ಮರ್ ಇಳಿಸಿದಾಗ ಹ್ಯಾಲೋಜನ್ ಕೆಂಪಗಾಗುತ್ತದೆ, ಬ್ಲೆಂಡರಿನಲ್ಲಿ ವ್ಯಾಟ್ ಇಳಿಸಿದರೆ ಬಣ್ಣ ಹಾಗೇ ಇರುತ್ತದೆ. ದೀಪ ಯಾವ ಕಡೆಯಿಂದ ಬರಬೇಕು, ನೆರಳು ಎಲ್ಲಿ ಬೀಳುತ್ತದೆ ಅನ್ನುವಷ್ಟಕ್ಕೆ ಸಾಕು.

ಇನ್ನೊಂದು ತಾಪತ್ರಯ, ಗೋಡೆಗೆ ದಪ್ಪ ಕೊಡದಿದ್ದರೂ ಅದು ನಿಂತುಕೊಳ್ಳುತ್ತದೆ. ಪರದೆ ಮೇಲೆ ಸರಿಯಾಗಿ ಕೂತಿದ್ದ ಸೆಟ್ಟಿನ ಚಿತ್ರ ನೋಡಿ ನಮ್ಮ ಆಚಾರಿ ಕೇಳಿದ್ದು ಒಂದೇ ಮಾತು, "ರೀಪು ಎಷ್ಟು ಇಂಚಿನದು ಮಾಸ್ತರೇ?" ರೀಪಿನ, ಅಂದರೆ ಚೌಕಟ್ಟಿನ ಮರದ ಪಟ್ಟಿಯ ದಪ್ಪ ಸೇರಿಸಿದರೆ ಬಾಗಿಲಲ್ಲಿ ಕಿರೀಟದ ವೇಷ ನುಗ್ಗುತ್ತಲೇ ಇರಲಿಲ್ಲ. ಈಗ ಮೊದಲು ಥರ್ಮೋಕೋಲ್ ಮಾದರಿ ಮಾಡಿಸುತ್ತೇನೆ, ಅಡಿಗೆ ಅರ್ಧ ಇಂಚು, ವೇದಿಕೆ ಒಂದಡಿ ಅಗಲ ಬರುತ್ತದೆ. ಅದು ಸರಿಯಾಗಿ ನಿಂತ ಗುಂಪಿಗೇ ಕಂಪ್ಯೂಟರ್.

ನಾನಂತೂ ಬಿಡುವುದಿಲ್ಲ. ನೀವು ಶುರು ಮಾಡುವುದಾದರೆ ಚಕ್ರ ಗಟ್ಟಿ ಇರುವ ನಾಲ್ಕು ಮೌಸ್ ಮೊದಲೇ ತಂದಿಟ್ಟುಕೊಳ್ಳಿ.