ಇಂಕ್‌ಸ್ಕೇಪೋ, ಇಲ್ಲಸ್ಟ್ರೇಟರೋ: ಕನ್ನಡ ಅಕ್ಷರ ಮತ್ತು ಆಕಾರಗಳ ಕೆಲಸಕ್ಕೆ ಯಾವುದು?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬ್ಯಾನರ್ ವಿನ್ಯಾಸ ಮಾಡುವವರು ಇಂಕ್‌ಸ್ಕೇಪ್, ಇಲ್ಲಸ್ಟ್ರೇಟರ್ ಎಂಬ ಎರಡು ಚಿತ್ರರಚನಾ ತಂತ್ರಾಂಶಗಳಲ್ಲಿ ಒಂದನ್ನು ಆರಿಸುವಾಗ ಮೊದಲು ಪರೀಕ್ಷಿಸಬೇಕಾದುದು ಒತ್ತಕ್ಷರವನ್ನು. ಯುನಿಕೋಡ್ ಫಾಂಟಿನಲ್ಲಿ ‘ಸಿದ್ಧೇಶ್ವರ’ ಎಂದು ಟೈಪಿಸಿದರೆ ಇಂಕ್‌ಸ್ಕೇಪ್ ಅದನ್ನು ಯಾವ ಪೂರ್ವಸಿದ್ಧತೆಯೂ ಇಲ್ಲದೆ ಸರಿಯಾಗಿ ಮೂಡಿಸುತ್ತದೆ. ಇಲ್ಲಸ್ಟ್ರೇಟರ್‌ನಲ್ಲಾದರೋ, ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ (ಭಾರತೀಯ ಲಿಪಿಗಳ) ಆಯ್ಕೆಗಳನ್ನು ತೆರೆದು, ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರನ್ನು, ಅಂದರೆ ಅಕ್ಷರ ಜೋಡಿಸುವ ವ್ಯವಸ್ಥೆಯನ್ನು, ಆರಿಸದಿದ್ದರೆ, ‘ದ್ಧೇ’ ಒಡೆದು ‘ದ್‌ಧೇ’ ಆಗಿಬಿಡಬಹುದು. ಒಮ್ಮೆ ಹೊಂದಿಸಿಕೊಂಡರೆ ಅಕ್ಷರಗಳ ನಡುವಿನ ಅಂತರವನ್ನು ತಿದ್ದುವುದು ಇಲ್ಲಸ್ಟ್ರೇಟರ್‌ನಲ್ಲೇ ಹೆಚ್ಚು ಹಿತವೆಂಬುದು ನನ್ನ ಅಭಿಪ್ರಾಯ.

ಆಕಾರಗಳ ಕೆಲಸದಲ್ಲಿ ಎರಡು ತಂತ್ರಾಂಶಗಳಿಗೂ ಇರುವ ವ್ಯತ್ಯಾಸ ಕಡಿಮೆ. ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಬೆಸೆಯುವ ಶೇಪ್ ಬಿಲ್ಡರ್ ಇಂಕ್‌ಸ್ಕೇಪ್‌ಗೆ ಬಂದದ್ದು 2023ರ 1.3 ಆವೃತ್ತಿಯಲ್ಲಿ, ಇಲ್ಲಸ್ಟ್ರೇಟರ್‌ನಲ್ಲಿ ಅದು ಹಳೆಯದು, ಪಳಗಿದ್ದು.

ಆಫ್‌ಸೆಟ್ ಮುದ್ರಣದ ಲಗ್ನಪತ್ರಿಕೆಯೇ ಮುಖ್ಯ ಕೆಲಸವಾದರೆ, ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ) ಬಣ್ಣಗಳ ಕಾರಣಕ್ಕೆ ಇಲ್ಲಸ್ಟ್ರೇಟರ್‌ನ ಚಂದಾ ಕಟ್ಟುವುದು ಲೇಸು. ಕಲಿಯುವವರಿಗೂ ಫ್ಲೆಕ್ಸ್ ಕೆಲಸದವರಿಗೂ ಉಚಿತವಾದ ಇಂಕ್‌ಸ್ಕೇಪ್ ಸಾಕು. ಯಾವುದನ್ನೇ ಆರಿಸಿದರೂ, ಮುದ್ರಣಕ್ಕೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ, ತಿದ್ದಲು ಬರುವ ಮೂಲ ಕಡತವನ್ನು ಬೇರೆಯೇ ಉಳಿಸಿಕೊಳ್ಳಬೇಕು.